ಮರಳಲ್ಲಿ ಹೂತಿಟ್ಟ ಕಾರು

ಭಾಗ 1

ಮೊದಲನೇ ಫೋಟೋ ಸ್ವಲ್ಪ ಝೂಮ್ ಮಾಡಿ ನೋಡಿ. ಮರಳಲ್ಲಿ ತೋಡಿರೋ ದೊಡ್ಡ ಗುಂಡಿ, ಅದರೊಳಗೆ ತುಕ್ಕು ತಿಂದ ಕಬ್ಬಿಣ. ಎಂಜಿನ್ ಯಾವುದು, ಚಕ್ರ ಯಾವುದು ಅಂತ ಗುರುತು ಹಿಡಿಯೋಕೇ ಒಂದು ನಿಮಿಷ ಬೇಕು. ಗುಜರಿ ಅಂಗಡಿಗೆ ಹಾಕಿದ್ರೆ ತೂಕ ಮಾಡಿ ದುಡ್ಡು ಕೊಟ್ಟು ಕಳಿಸ್ತಾರೆ, ಅಷ್ಟೆ.

ಇದರ ಹೆಸರು ಬ್ಯಾಬ್ಸ್. 1926ರ ಏಪ್ರಿಲ್ ಕೊನೆಯಲ್ಲಿ ಇಡೀ ಭೂಮಿ ಮೇಲೆ ಇದಕ್ಕಿಂತ ಜೋರಾಗಿ ಓಡಿದ್ದ ಕಾರು ಇನ್ನೊಂದಿರಲಿಲ್ಲ. ಮಾರನೇ ವರ್ಷ ಮಾರ್ಚ್‌ನಲ್ಲಿ ಇದನ್ನ ಓಡಿಸ್ತಿದ್ದವನು ಇದರೊಳಗೇ ಸತ್ತ. ಆಮೇಲೆ ಕಾರನ್ನ ಯಾರಿಗೂ ಮಾರಲಿಲ್ಲ, ರಿಪೇರಿ ಮಾಡಲಿಲ್ಲ, ಗುಜರಿಗೂ ಹಾಕಲಿಲ್ಲ. ವೇಲ್ಸ್ ದೇಶದ ಪೆಂಡೈನ್ ಅನ್ನೋ ಊರಿನ ಕಡಲ ದಂಡೆಯಲ್ಲಿ, ಅವನು ಸತ್ತ ಜಾಗದ ಹತ್ತಿರವೇ, ಮನುಷ್ಯರನ್ನ ಹೂಳೋ ಹಾಗೆ ಹೂತರು. 42 ವರ್ಷ ಅದು ಅಲ್ಲೇ ಇತ್ತು. 1969ರಲ್ಲಿ ಒಬ್ಬ ಕಾಲೇಜು ಮೇಷ್ಟ್ರು ಬಂದು ಅಗೆದು ತೆಗೆದರು.

ಮೊದಲನೇ ಸಲ ಓದಿದಾಗ ಮೈ ಜುಮ್ ಅಂತು. ಎರಡನೇ ಸಲ ಓದಿದಾಗ ಒಂದು ಪ್ರಶ್ನೆ ಬಂತು. ಹೂತದ್ದನ್ನ ತೆಗೆಯೋದು ಸರೀನಾ? ಉತ್ತರಕ್ಕೆ ಆತುರ ಬೇಡ, ಕಾರಿನ ಹುಟ್ಟಿನಿಂದ ಶುರು ಮಾಡೋಣ.

(ಒಂದು ಮಾತು. ಹಳೇ ಕಾರು ಕಂಡ್ರೆ ಸಾಕು, ಎಲ್ಲರೂ ‘ವಿಂಟೇಜ್’ ಅಂತಾರೆ. ಬ್ರಿಟನ್ನಿನ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ ಲೆಕ್ಕದಲ್ಲಿ 1930ರ ಕೊನೆಯೊಳಗೆ ತಯಾರಾದದ್ದು ಮಾತ್ರ ಆ ಸಾಲಿಗೆ ಬರುತ್ತೆ. ಮದುವೆ ಮೆರವಣಿಗೆಗೆ ಬರೋ ಬಿಳಿ ಅಂಬಾಸಿಡರ್ ಆ ಲೆಕ್ಕದಲ್ಲಿ ಇನ್ನೂ ಚಿಕ್ಕ ಮಗು.)

ಭಾಗ 2

ಬ್ಯಾಬ್ಸ್ ಹುಟ್ಟಿದಾಗ ಅದರ ಹೆಸರು ಬ್ಯಾಬ್ಸ್ ಆಗಿರಲಿಲ್ಲ, ಹೈಯಮ್ ಸ್ಪೆಷಲ್. ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ಕ್ಯಾಂಟರ್ಬರಿ ಹತ್ತಿರ ಹೈಯಮ್ ಪಾರ್ಕ್ ಅಂತ ಒಂದು ದೊಡ್ಡ ಬಂಗಲೆ ಇದೆ. ಅದರ ಯಜಮಾನ ಕೌಂಟ್ ಲೂಯಿ ಜ್‌ಬೊರೊವ್‌ಸ್ಕಿ. ತಾಯಿ ಅಮೆರಿಕದ ಆಸ್ಟರ್ ಮನೆತನದವಳು, ಅಂದ್ರೆ ಆ ಕಾಲದ ದೊಡ್ಡ ದುಡ್ಡಿನ ಮನೆ. ಅವಳು 1911ರಲ್ಲಿ ತೀರಿಕೊಂಡಾಗ ಹದಿನಾರರ ಹುಡುಗನ ಕೈಗೆ ಅಷ್ಟೂ ಆಸ್ತಿ ಬಂತು. ಹದಿನಾರು ವರ್ಷ! ನಾನು ಆ ವಯಸ್ಸಲ್ಲಿ ಬಸ್ ಪಾಸ್ ಕಳೆದುಕೊಂಡು ಬೈಸಿಕೊಳ್ತಿದ್ದೆ.

ಇವನು ಆ ದುಡ್ಡನ್ನ ಸುರಿದದ್ದು ಕಾರುಗಳ ಮೇಲೆ. ಮೊದಲನೇ ಮಹಾಯುದ್ಧ ಮುಗಿದಿತ್ತು, ವಿಮಾನದ ಎಂಜಿನ್‌ಗಳು ಬೇಡವಾಗಿ ಅಗ್ಗಕ್ಕೆ ಸಿಗ್ತಿದ್ದವು. ಅವನ್ನ ತಂದು ಕಾರಿನ ಚಾಸಿಗೆ ಕೂರಿಸೋದು ಇವನ ಹುಚ್ಚು. ಹಾಗೆ ಮಾಡಿದ ಮೊದಲನೇ ದೈತ್ಯನಿಗೆ ಇಟ್ಟ ಹೆಸರು ಚಿಟ್ಟಿ ಬ್ಯಾಂಗ್ ಬ್ಯಾಂಗ್. ಜೇಮ್ಸ್ ಬಾಂಡ್ ಬರೆದ ಇಯಾನ್ ಫ್ಲೆಮಿಂಗ್, ಮಕ್ಕಳಿಗಾಗಿ ಒಂದು ಹಾರೋ ಕಾರಿನ ಕಥೆ ಬರೆದಿದ್ದಾನೆ ಅಲ್ವಾ, ಅದರ ಹೆಸರು ಬಂದದ್ದು ಇಲ್ಲಿಂದಲೇ.

ಹೈಯಮ್ ಸ್ಪೆಷಲ್ ಆ ಹುಚ್ಚಿನ ತುದಿ. ಎಂಜಿನ್ ಅಮೆರಿಕದ ಲಿಬರ್ಟಿ, 12 ಸಿಲಿಂಡರ್, 27 ಲೀಟರ್. 1917ರಲ್ಲಿ ಯುದ್ಧವಿಮಾನಕ್ಕೆ ಅಂತ ವಾಷಿಂಗ್ಟನ್ನಿನ ಒಂದು ಹೋಟೆಲ್ ರೂಮಲ್ಲಿ ಇಬ್ಬರು ಎಂಜಿನಿಯರ್‌ಗಳು ಕೂತು ಕೆಲವೇ ದಿನದಲ್ಲಿ ಗೆರೆ ಹಾಕಿದ ಎಂಜಿನ್ ಇದು. 27 ಲೀಟರ್ ಅಂದ್ರೆ ಎಷ್ಟು ಅಂತ ತಲೆಗೆ ಹೋಗಲ್ಲ, ಹೀಗೆ ನೋಡಿ. ರಸ್ತೆಯಲ್ಲಿ ಕಾಣೋ ಸ್ವಿಫ್ಟ್ ಕಾರಿನ ಪೂರ್ತಿ ಎಂಜಿನ್ 1.2 ಲೀಟರ್. ಲಿಬರ್ಟಿಯ ಒಂದೇ ಒಂದು ಸಿಲಿಂಡರ್ 2.25 ಲೀಟರ್. ಅಂಥವು ಹನ್ನೆರಡು.

ಗೇರ್‌ಬಾಕ್ಸ್ ಮಾತ್ರ ಯುದ್ಧಕ್ಕೂ ಮುಂಚಿನ ಬೆಂಜ್ ಗಾಡಿದು. ಶಕ್ತಿ ಹಿಂದಿನ ಚಕ್ರಕ್ಕೆ ಹೋಗ್ತಿದ್ದದ್ದು ಚೈನ್ ಮೇಲೆ, ಸೈಕಲ್ಲಿಗೆ ಇರುತ್ತಲ್ಲ ಹಾಗೆ. ಆದ್ರೆ ಎರಡು ಚೈನು, ಎಡಕ್ಕೊಂದು ಬಲಕ್ಕೊಂದು, ಡ್ರೈವರ್ ಪಕ್ಕದಲ್ಲೇ. ಈ ಚೈನನ್ನ ನೆನಪಲ್ಲಿಡಿ.

ಕೌಂಟ್‌ನ ತಂದೆ 1903ರಲ್ಲಿ ಫ್ರಾನ್ಸಿನ ಲಾ ಟರ್ಬಿ ಬೆಟ್ಟದ ರೇಸಿನಲ್ಲಿ ಸತ್ತಿದ್ದ. ಅವನ ಅಂಗಿ ತೋಳಿನ ಕಫ್‌ಲಿಂಕ್ ಥ್ರಾಟಲ್ಲಿಗೆ ಸಿಕ್ಕಿಕೊಂಡು ಗಾಡಿ ಕೈ ಮೀರಿತು ಅಂತ ಕಥೆ. ಮಗ 1924ರ ಅಕ್ಟೋಬರ್ 19ರಂದು ಇಟಲಿಯ ಮೊಂಜಾದಲ್ಲಿ ಮರ್ಸಿಡಿಸ್ ಓಡಿಸ್ತಾ ಮರಕ್ಕೆ ಗುದ್ದಿ ಸತ್ತ, 29 ವರ್ಷ. ಅವತ್ತು ಅವನು ಅಪ್ಪನ ಅದೇ ಕಫ್‌ಲಿಂಕ್ ಹಾಕಿದ್ದ ಅಂತಲೂ ಹೇಳ್ತಾರೆ. ನನಗೆ ಇದು ಸ್ವಲ್ಪ ಜಾಸ್ತಿ ಚೆನ್ನಾಗಿ ಹೊಂದಿಕೊಳ್ಳೋ ಕಥೆ ಅನ್ಸುತ್ತೆ. ಸಾವಿಗೆ ಒಂದು ಸಣ್ಣ ಕಾರಣ ಬೇಕು ಜನಕ್ಕೆ, ಕೈಯಲ್ಲಿ ಹಿಡಿದು ತೋರಿಸೋ ಅಂಥದ್ದು.

ಭಾಗ 3

ಯಜಮಾನ ಹೋದ. ಕಾರು ಉಳೀತು. ಅದನ್ನ 125 ಪೌಂಡ್ ಕೊಟ್ಟು ಕೊಂಡವನೇ ನಮ್ಮ ಕಥೆಯ ಹೀರೋ, ಜಾನ್ ಗಾಡ್‌ಫ್ರಿ ಪ್ಯಾರಿ ಥಾಮಸ್.

ಇವನು ಕೌಂಟ್ ಥರ ಅಲ್ಲ. ವೇಲ್ಸ್‌ನ ರೆಕ್ಸಮ್‌ನಲ್ಲಿ ಹುಟ್ಟಿದವನು, ಅಪ್ಪ ಚರ್ಚಿನ ಪಾದ್ರಿ. ಲಂಡನ್ನಿನಲ್ಲಿ ಎಂಜಿನಿಯರಿಂಗ್ ಓದಿ ಲೇಲ್ಯಾಂಡ್ ಮೋಟರ್ಸ್ ಕಂಪನಿಗೆ ಚೀಫ್ ಎಂಜಿನಿಯರ್ ಆದ. ಹೌದು, ನಮ್ಮ ಬಸ್ಸಿನ ಮೂತಿ ಮೇಲೆ ಇರುತ್ತಲ್ಲ ಲೇಲ್ಯಾಂಡ್, ಅದೇ. ಮದ್ರಾಸಿನ ಅಶೋಕ್ ಮೋಟರ್ಸ್ ಜೊತೆ ಈ ಬ್ರಿಟಿಷ್ ಕಂಪನಿ ಕೈಜೋಡಿಸಿದ ಮೇಲೆ 1955ರಲ್ಲಿ ಅಶೋಕ್ ಲೇಲ್ಯಾಂಡ್ ಅಂತ ಹೆಸರಾಯ್ತು. ಕೆಂಪು ಬಸ್ಸಲ್ಲಿ ಕಿಟಕಿ ಸೀಟಿಗೆ ಒದ್ದಾಡೋ ನಮಗೂ ಥಾಮಸ್‌ಗೂ ಇಷ್ಟು ಸಂಬಂಧ ಇದೆ ಅಂತ ನನಗೂ ಗೊತ್ತಿರಲಿಲ್ಲ.

ಲಾರಿ ಕಂಪನಿಯಲ್ಲಿ ಕೂತು ಥಾಮಸ್ ಡಿಸೈನ್ ಮಾಡಿದ್ದು ರೋಲ್ಸ್ ರಾಯ್ಸ್‌ಗೆ ಸಡ್ಡು ಹೊಡೆಯೋ ಐಷಾರಾಮಿ ಕಾರು, ಲೇಲ್ಯಾಂಡ್ ಏಯ್ಟ್. 1920ರ ಲಂಡನ್ ಒಲಿಂಪಿಯಾ ಪ್ರದರ್ಶನದಲ್ಲಿ ಎಲ್ಲರ ಕಣ್ಣೂ ಅದರ ಮೇಲೇ. ಆದ್ರೆ ಖರ್ಚು ಕೈಗೆಟುಕಲಿಲ್ಲ. ಬೆರಳೆಣಿಕೆಯಷ್ಟು ಕಾರು ಮಾಡಿ ಕಂಪನಿ ಕೈ ಚೆಲ್ತು. ನಮ್ಮ ಕಾಸ್ಟಿಂಗ್ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ: ಮಾಲು ಅದ್ಭುತ, ಲೆಕ್ಕ ದಿವಾಳಿ.

ಥಾಮಸ್ ಕೆಲಸ ಬಿಟ್ಟ. ಬಿಟ್ಟು ಎಲ್ಲಿಗೆ ಹೋದ ಗೊತ್ತಾ? ಲಂಡನ್ ಹತ್ತಿರದ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನ ಒಳಗೇ ಒಂದು ಬಂಗಲೆ ಹಿಡಿದು ಅಲ್ಲೇ ಸಂಸಾರ ಹೂಡಿದ. ಸಂಸಾರ ಅಂದ್ರೆ ಕಾರು, ಶೆಡ್ಡು, ನಾಯಿಗಳು. ಮದುವೆ ಆಗಿರಲಿಲ್ಲ. ಬಣ್ಣಬಣ್ಣದ ಉಲ್ಲನ್ ಸ್ವೆಟರ್ ಹಾಕಿಕೊಂಡೇ ರೇಸಿಗೆ ಇಳೀತಿದ್ದ, ಎರಡನೇ ಫೋಟೋದಲ್ಲಿ ಇರೋದು ಅದೇ. ಸ್ಟೀರಿಂಗ್ ಹಿಡಿಯೋಕೆ ಶುರು ಮಾಡಿದಾಗ ಮೂವತ್ತೈದು ದಾಟಿತ್ತು. ಆದ್ರೂ ಕೆಲವೇ ವರ್ಷದಲ್ಲಿ ಬ್ರೂಕ್‌ಲ್ಯಾಂಡ್ಸ್‌ನ ರಾಜ ಅನ್ನಿಸಿಕೊಂಡ.

125 ಪೌಂಡಿನ ಹಳೇ ದೈತ್ಯನನ್ನ ತಂದು ಥಾಮಸ್ ಬಿಚ್ಚಿ ಹಾಕಿದ. ತಾನೇ ಡಿಸೈನ್ ಮಾಡಿದ ಪಿಸ್ಟನ್ ಹಾಕಿದ, ನಾಲ್ಕು ಜೆನಿತ್ ಕಾರ್ಬುರೇಟರ್ ಕೂರಿಸಿದ, ಮೈ ಮೇಲಿನ ತಗಡನ್ನ ಗಾಳಿ ಸೀಳೋ ಹಾಗೆ ಬದಲಾಯಿಸಿದ. ಬ್ಯಾಬ್ಸ್ ಅಂತ ಹೆಸರಿಟ್ಟ. ಬೇರೆಯವರು ಲಕ್ಷಾಂತರ ಸುರಿದು ಹೊಸ ಕಾರು ಕಟ್ಟಿಸ್ತಿದ್ದ ಕಾಲದಲ್ಲಿ ಇವನು ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡು ವಿಶ್ವದಾಖಲೆಗೆ ಹೊರಟ. ನನಗೆ ಇವನು ಇಷ್ಟ ಆಗೋದು ಇದಕ್ಕೇ.

ಭಾಗ 4

ಪೆಂಡೈನ್ ಬಗ್ಗೆ ಹೇಳಲೇಬೇಕು. ವೇಲ್ಸ್‌ನ ಕಾರ್ಮಾರ್ಥನ್‌ಶೈರ್‌ನಲ್ಲಿ ಸುಮಾರು ಏಳು ಮೈಲಿ ಉದ್ದದ ಮರಳು ದಂಡೆ. ಬ್ರೂಕ್‌ಲ್ಯಾಂಡ್ಸ್ ದುಂಡಗಿನ ಕಾಂಕ್ರೀಟ್ ಟ್ರ್ಯಾಕು, ಒಂದು ಮಿತಿ ದಾಟಿದ ಮೇಲೆ ಅಲ್ಲಿ ವೇಗ ಹೆಚ್ಚಿಸೋಕೆ ಆಗ್ತಿರಲಿಲ್ಲ. ನೇರವಾಗಿ ಅಷ್ಟು ದೂರ ಇರೋ ರಸ್ತೆ ಬ್ರಿಟನ್ನಿನಲ್ಲಿ ಎಲ್ಲಿದೆ? ಹಾಗಾಗಿ ಕಡಲಿಗೆ ಬಂದರು. ಅಲೆ ಇಳಿದ ಮೇಲೆ ಒದ್ದೆ ಮರಳು ಗಟ್ಟಿ ನೆಲದ ಹಾಗೆ ಇರುತ್ತೆ, ಮತ್ತೆ ನೀರು ಬರೋ ತನಕ ಕೆಲವು ಗಂಟೆ ಸಮಯ. ಅಷ್ಟರಲ್ಲಿ ದೂರ ಅಳೆದು, ಟೈಮಿಂಗ್ ತಂತಿ ಹಾಕಿ, ಒಂದು ಸಲ ಹೋಗಿ, ತಿರುಗಿ ಒಂದು ಸಲ ಬರಬೇಕು. ಎರಡೂ ಕಡೆಯ ಸರಾಸರಿ ತಗೊಂಡ್ರೆ ಮಾತ್ರ ದಾಖಲೆ, ಗಾಳಿ ಬೆನ್ನಿಗಿದ್ದು ಮೋಸ ಆಗಬಾರದು ಅಂತ. ಎಲ್ಲೋ ಒಂದು ಕಡೆ ಮರಳು ಮೆತ್ತಗಿದ್ರೆ ಮುಗೀತು.

ಮಾಲ್ಕಮ್ ಕ್ಯಾಂಪ್‌ಬೆಲ್ ಇಲ್ಲಿ 1924ರಲ್ಲಿ ಗಂಟೆಗೆ 146.16 ಮೈಲಿ ಮುಟ್ಟಿದ, ಮಾರನೇ ವರ್ಷ 150.76. ಆಮೇಲೆ 1926ರ ಮಾರ್ಚ್‌ನಲ್ಲಿ ಹೆನ್ರಿ ಸೀಗ್ರೇವ್ ಸೌತ್‌ಪೋರ್ಟ್ ದಂಡೆಯಲ್ಲಿ 152.33 ಮಾಡಿದ. ನೋಡಿ, ಒಂದೊಂದೇ ಮೆಟ್ಟಿಲು.

ಏಪ್ರಿಲ್ 27ಕ್ಕೆ ಥಾಮಸ್ ಬ್ಯಾಬ್ಸ್ ತಗೊಂಡು ಪೆಂಡೈನ್‌ಗೆ ಇಳಿದ. 169.30 ಮೈಲಿ. ಮೆಟ್ಟಿಲು ಹತ್ತಲಿಲ್ಲ, ಮಹಡಿಗೇ ಹಾರಿದ! ಸಾಲದು ಅಂತ ಮಾರನೇ ದಿನ ಇನ್ನೊಂದು ಸಲ, 171.02. ಅಂದ್ರೆ ಗಂಟೆಗೆ ಸುಮಾರು 275 ಕಿಲೋಮೀಟರ್, ತೆರೆದ ಕಾರಲ್ಲಿ, ಒದ್ದೆ ಮರಳ ಮೇಲೆ, ಚೈನ್ ಪಕ್ಕ ಕೂತು. ಮುಂದಿನ ವಾರವೇ ಬ್ರಿಟನ್ನಿನಲ್ಲಿ ದೇಶವ್ಯಾಪಿ ಮುಷ್ಕರ ಶುರುವಾಯ್ತು, ಪತ್ರಿಕೆಗಳೇ ಸರಿಯಾಗಿ ಅಚ್ಚಾಗಲಿಲ್ಲ. ಆ ದೇಶದಲ್ಲಿ ಅವತ್ತು ಕಲ್ಲಿದ್ದಲು ಗಣಿ ಕೆಲಸಗಾರರು ಕೂಲಿಗಾಗಿ ಹೊಡೆದಾಡ್ತಿದ್ದರು, ಇತ್ತ ಇವರು ಮೈಲಿ ಲೆಕ್ಕ ಹಾಕ್ತಿದ್ದರು ಅನ್ನೋದನ್ನೂ ಮರೆಯೋದು ಬೇಡ.

ಭಾಗ 5

ಈ ಭಾಗ ಬರೆಯೋಕೆ ಸ್ವಲ್ಪ ಕಷ್ಟ ಆಯ್ತು. ಚಿಕ್ಕದಾಗಿ ಮುಗಿಸ್ತೀನಿ.

1927ರ ಫೆಬ್ರವರಿ 4. ಕ್ಯಾಂಪ್‌ಬೆಲ್ ಅದೇ ಪೆಂಡೈನ್‌ನಲ್ಲಿ ಹೊಸ ಬ್ಲೂಬರ್ಡ್ ಕಾರಲ್ಲಿ 174 ಮೈಲಿ ಚಿಲ್ಲರೆ ಓಡಿಸಿ ದಾಖಲೆ ಕಿತ್ತುಕೊಂಡ. ಮೂರು ಮೈಲಿ ವ್ಯತ್ಯಾಸ. ಥಾಮಸ್ ಒಂದು ತಿಂಗಳು ಸುಮ್ಮನಿದ್ದ, ಆಮೇಲೆ ಬ್ಯಾಬ್ಸ್ ತಂದ.

ಮಾರ್ಚ್ 3. ಓಟದ ಮಧ್ಯೆ, ಗಂಟೆಗೆ ನೂರು ಮೈಲಿಗಿಂತ ಹೆಚ್ಚು ವೇಗದಲ್ಲಿದ್ದಾಗ ಕಾರು ಹತೋಟಿ ತಪ್ಪಿತು, ಪಲ್ಟಿ ಹೊಡೀತು, ಮರಳ ಮೇಲೆ ಜಾರಿಕೊಂಡು ಹೋಗಿ ನಿಂತಿತು. ತಲೆಗೆ ಆದ ಭೀಕರ ಪೆಟ್ಟಿನಿಂದ ಥಾಮಸ್ ಸ್ಥಳದಲ್ಲೇ ತೀರಿಕೊಂಡಿದ್ದ. ಭೂಮಿ ಮೇಲಿನ ವೇಗದ ದಾಖಲೆಗಾಗಿ ಓಡಿಸ್ತಾ ಸತ್ತ ಮೊದಲನೇ ಡ್ರೈವರ್ ಅವನು. ಬಲಗಡೆ ಚೈನ್ ತುಂಡಾಗಿ ಹಾರಿ ಅವನ ತಲೆಗೇ ಬಡೀತು ಅಂತ ಸುದ್ದಿ ಹಬ್ಬಿತು. ಹಬ್ಬಿದ್ದು ಹಾಗೇ ನಿಂತುಬಿಡ್ತು. ದಶಕಗಟ್ಟಲೆ ಪುಸ್ತಕಗಳಲ್ಲೆಲ್ಲ ಅದೇ ಕಥೆ.

ಅವನನ್ನ ಬ್ರೂಕ್‌ಲ್ಯಾಂಡ್ಸ್ ಹತ್ತಿರದ ಬೈಫ್ಲೀಟ್ ಊರಿನ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಇತ್ತ ಸಾವಿನ ವಿಚಾರಣೆ ಮುಗಿದ ಮೇಲೆ ಬ್ಯಾಬ್ಸ್‌ನ ಸೀಟುಗಳನ್ನ ಹರಿದರು, ಡಯಲ್‌ಗಳ ಗಾಜು ಒಡೆದರು, ಗುಂಡಿ ತೋಡಿ ಹೂತರು. ಸೀಟು ಯಾಕೆ ಹರಿಬೇಕಿತ್ತು? ಯಾರೂ ಕದ್ದು ಒಯ್ದು ನೆನಪಿಗೆ ಅಂತ ಮಾರಿಕೊಳ್ಳಬಾರದು ಅಂತ ಇರಬಹುದು. ಸಿಟ್ಟೂ ಇರಬಹುದು. ನಮ್ಮಲ್ಲಿ ಆಕ್ಸಿಡೆಂಟ್ ಆದ ಗಾಡಿಗಳು ಪೊಲೀಸ್ ಸ್ಟೇಷನ್ ಮುಂದೆ ವರ್ಷಗಟ್ಟಲೆ ಬಿಸಿಲಲ್ಲಿ ನಿಂತಿರುತ್ತವೆ, ಗಿಡ ಬೆಳೆದಿರುತ್ತೆ, ಯಾರೂ ತಿರುಗಿ ನೋಡಲ್ಲ. ಅವರು ಕನಿಷ್ಠ ಹೂತರು.

26 ದಿನ ಕಳೆದ ಮೇಲೆ, ಮಾರ್ಚ್ 29ಕ್ಕೆ, ಸೀಗ್ರೇವ್ ಅಮೆರಿಕದ ಡೇಟೋನ ದಂಡೆಯಲ್ಲಿ 203.79 ಮೈಲಿ ಓಡಿಸಿದ. ಇನ್ನೂರು ದಾಟಿದ ಮೊದಲನೇ ಮನುಷ್ಯ. ಅವನ ಸನ್‌ಬೀಮ್‌ಗೂ ಇದ್ದದ್ದು ಚೈನೇ. ಅವನು ಬದುಕಿ ಬಂದ.

ಭಾಗ 6

ಈಗ 1969. ನಾಲ್ಕನೇ ಫೋಟೋ.

ಓವನ್ ವಿನ್ ಓವನ್, ಉತ್ತರ ವೇಲ್ಸ್‌ನ ಬ್ಯಾಂಗರ್ ಟೆಕ್ನಿಕಲ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಹೇಳಿಕೊಡ್ತಿದ್ದ ಮೇಷ್ಟ್ರು. ಹಳೇ ಕಾರುಗಳೆಂದ್ರೆ ಪ್ರಾಣ. ಪೆಂಡೈನ್ ಮರಳಲ್ಲಿ ಒಂದು ಕಾರಿದೆ ಅನ್ನೋದು ಗುಟ್ಟೇನಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ. ಆದ್ರೆ ತೆಗೆಯೋದು ಸುಲಭ ಇರಲಿಲ್ಲ. ಆ ದಂಡೆ ಅಷ್ಟರಲ್ಲಿ ಮಿಲಿಟರಿಯವರು ಶಸ್ತ್ರಾಸ್ತ್ರ ಪರೀಕ್ಷೆ ಮಾಡೋ ಜಾಗ ಆಗಿತ್ತು. ಅವರ ಒಪ್ಪಿಗೆ ಬೇಕು, ಥಾಮಸ್‌ನ ಸಂಬಂಧಿಕರ ಒಪ್ಪಿಗೆಯೂ ಬೇಕು. ಮೇಷ್ಟ್ರು ಎರಡನ್ನೂ ಪಡೆದು ಅಗೆದರು.

ಬೇಡ ಅಂದವರೂ ಇದ್ದರು. ಅವರ ಮಾತು ನನಗೆ ಅರ್ಥ ಆಗುತ್ತೆ. ಹೂತವರಿಗೆ ಅದು ಬರೀ ಕಬ್ಬಿಣ ಆಗಿರಲಿಲ್ಲ, ಒಂದು ಗೌರವ. ಅದನ್ನ ಎತ್ತಿ ತೊಳೆದು ಬಣ್ಣ ಬಳಿದು ನಿಲ್ಲಿಸಿದ್ರೆ ಟಿಕೆಟ್ ತಗೊಂಡು ಸೆಲ್ಫಿ ತೆಗೆಯೋರು ಬರ್ತಾರೆ. ಇನ್ನೊಂದು ಕಡೆಯಿಂದ ನೋಡಿ: ಮನುಷ್ಯನ ದೇಹ ಅಲ್ಲಿರಲಿಲ್ಲ, ಅವನು ಬೈಫ್ಲೀಟ್‌ನಲ್ಲಿ ನೆಮ್ಮದಿಯಾಗಿ ಮಲಗಿದ್ದ. ಮರಳೊಳಗೆ ಇದ್ದದ್ದು ಅವನ ಕೈಕೆಲಸ. ಪಿಸ್ಟನ್, ಕಾರ್ಬುರೇಟರ್, ಅವನ ತಲೆ ಓಡಿದ ರೀತಿ, ಎಲ್ಲವೂ ಉಪ್ಪುನೀರಲ್ಲಿ ಕರಗ್ತಿತ್ತು. ಇನ್ನೊಂದು ಇಪ್ಪತ್ತು ವರ್ಷ ಬಿಟ್ಟಿದ್ರೆ ಗೌರವಕ್ಕೂ ಏನೂ ಉಳೀತಿರಲಿಲ್ಲ.

ನಾನು ಮೇಷ್ಟ್ರ ಪಕ್ಷ. ಆದ್ರೆ ಒಂದು ಶರತ್ತಿನ ಮೇಲೆ, ಅದು ಮುಂದಿನ ಭಾಗದಲ್ಲಿ.

ಭಾಗ 7 (ಕೊನೇದು)

ಮೇಲೆ ಬಂದ ಬ್ಯಾಬ್ಸ್ ಹೇಗಿತ್ತು ಅಂತ ಮೊದಲನೇ ಫೋಟೋದಲ್ಲೇ ನೋಡಿದ್ರಿ. ಮೇಲಿನ ತಗಡು ಬಹುಪಾಲು ಹೋಗಿತ್ತು. ಮೇಷ್ಟ್ರು ಅದನ್ನ ಊರಿಗೆ ಒಯ್ದು ಕೆಲಸ ಶುರು ಮಾಡಿದರು. ಸುಮಾರು 16 ವರ್ಷ ಹಿಡೀತು. ನನ್ನ ವಯಸ್ಸಿಗೆ ಹತ್ತಿರ ಹತ್ತಿರ! ಕಾಲೇಜಲ್ಲಿ ಪಾಠ ಮಾಡಿಕೊಂಡು, ಒಂದೊಂದೇ ಭಾಗ ಬಿಡಿಸಿ, ಉಳಿಸೋಕೆ ಆಗೋದನ್ನ ಉಳಿಸಿ, ಆಗದ್ದನ್ನ ಹೊಸದಾಗಿ ಮಾಡಿಸಿ.

ಇಲ್ಲಿ ಬಿಕಾಂ ಬುದ್ಧಿ ಸುಮ್ಮನಿರಲ್ಲ. 125 ಪೌಂಡಿಗೆ ಬಂದ ಆಸ್ತಿ, 1927ರಲ್ಲಿ ಪೂರ್ತಿ ರೈಟ್ ಆಫ್, ಪುಸ್ತಕದಲ್ಲಿ ಬೆಲೆ ಸೊನ್ನೆ. 1985ರ ಹೊತ್ತಿಗೆ ಅದಕ್ಕೆ ಬೆಲೆ ಕಟ್ಟೋಕೆ ಯಾವ ಆಡಿಟರ್‌ಗೂ ಆಗಲ್ಲ. ಹೊಸ ತಗಡು, ಹೊಸ ಭಾಗ ಎಷ್ಟೋ ಸೇರಿವೆ, ಹಾಗಿದ್ರೆ ಇದು ಅದೇ ಬ್ಯಾಬ್ಸ್ ಹೌದಾ? ನನ್ನ ಶರತ್ತು ಇದೇ ಇತ್ತು: ಯಾವುದು ಹಳೇದು, ಯಾವುದು ಹೊಸದು ಅಂತ ಮುಚ್ಚಿಡಬಾರದು. ಇಲ್ಲಿ ಯಾರೂ ಮುಚ್ಚಿಟ್ಟಿಲ್ಲ. ಮರಳಿಂದ ಬಂದ ಕಾರು, 16 ವರ್ಷ ಕೆಲಸ ಆದ ಕಾರು, ಎರಡರ ಫೋಟೋನೂ ಎಲ್ಲರ ಮುಂದಿದೆ.

ಆದ್ರೆ ಅಗೆದದ್ದಕ್ಕೆ ಸಿಕ್ಕ ದೊಡ್ಡ ಫಲ ಬೇರೆಯೇ. ಕಾರು ಕಣ್ಣೆದುರಿಗೆ ಬಂದ ಮೇಲೆ ಚೈನ್ ಕಥೆಗೆ ಮೊದಲಿನ ಗಟ್ಟಿತನ ಉಳಿಯಲಿಲ್ಲ. ಮೊದಲು ಕೈಕೊಟ್ಟದ್ದು ಬಲಗಡೆ ಹಿಂದಿನ ಚಕ್ರ, ಅದು ಕುಸಿದ ಮೇಲೆ ಉಳಿದದ್ದೆಲ್ಲ ಆಯ್ತು, ತಲೆಗೆ ಪೆಟ್ಟು ಬಿದ್ದದ್ದು ಕಾರು ಉರುಳಿದಾಗ ಅನ್ನೋ ವಾದ ಬಲವಾಯ್ತು. ಎಲ್ಲರೂ ಒಪ್ಪಿದ್ದಾರೆ ಅಂತಲ್ಲ. ಆದ್ರೆ ಯೋಚನೆ ಮಾಡಿ. ಚೈನ್ ಕಾರಣ ಅಂದ್ರೆ, ಚೈನ್ ಪಕ್ಕ ಕೂರೋ ಕಾರನ್ನ ಆರಿಸಿಕೊಂಡ ಥಾಮಸ್‌ದೇ ತಪ್ಪು ಅಂತ ಆಗುತ್ತೆ. ಸೆಕೆಂಡ್ ಹ್ಯಾಂಡ್ ಗಾಡಿ ತಂದ, ಹಳೇ ತಂತ್ರ ನಂಬಿದ, ಅನುಭವಿಸಿದ ಅಂತ. ಚಕ್ರ ಅಂದ್ರೆ ಅದು ಯಾರ ಕಾರಿಗಾದರೂ ಆಗಬಹುದಾಗಿದ್ದ ಮಾತು. 42 ವರ್ಷ ಒಬ್ಬ ಎಂಜಿನಿಯರ್ ಮೇಲೆ ಕೂತಿದ್ದ ಆರೋಪ, ಸಾಕ್ಷಿ ಮಾತ್ರ ಮರಳ ಕೆಳಗೆ.

ಉಳಿದವರ ವಿಷಯ ಬೇಗ ಹೇಳಿಬಿಡ್ತೀನಿ. ಲೇಲ್ಯಾಂಡ್‌ನಲ್ಲಿ ಥಾಮಸ್‌ಗೆ ಅಸಿಸ್ಟೆಂಟ್ ಆಗಿದ್ದ ಹುಡುಗ ರೀಡ್ ರೈಲ್ಟನ್. ಅವನು ಡಿಸೈನ್ ಮಾಡಿದ ಕಾರಲ್ಲೇ ಜಾನ್ ಕಾಬ್ 1947ರಲ್ಲಿ ಗಂಟೆಗೆ 394 ಮೈಲಿ ಓಡಿಸಿದ. ಲಿಬರ್ಟಿ ಎಂಜಿನ್ ಕೂಡ ಸಾಯಲಿಲ್ಲ, ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಕ್ರುಸೇಡರ್ ಟ್ಯಾಂಕುಗಳೊಳಗೆ ಕೂತು ಆಫ್ರಿಕಾದ ಮರಳುಗಾಡು ಸುತ್ತಿತು. ಮರಳಿನ ಸಹವಾಸ ಅದಕ್ಕೆ ತಪ್ಪಲಿಲ್ಲ ನೋಡಿ.

ಬ್ಯಾಬ್ಸ್ ಈಗ ಓಡುತ್ತೆ. ಹೌದು, ಎಂಜಿನ್ ಸ್ಟಾರ್ಟ್ ಆಗುತ್ತೆ. ವರ್ಷದಲ್ಲಿ ಕೆಲವು ತಿಂಗಳು ಪೆಂಡೈನ್ ಮ್ಯೂಸಿಯಂನಲ್ಲಿ ಇರುತ್ತೆ, ಹೂತಿದ್ದ ಅದೇ ದಂಡೆಯ ಪಕ್ಕ. ಚಳಿಗಾಲದಲ್ಲಿ ಬ್ರೂಕ್‌ಲ್ಯಾಂಡ್ಸ್‌ಗೆ ಹೋಗಿದ್ದೂ ಉಂಟು, ಥಾಮಸ್ ನಾಯಿಗಳ ಜೊತೆ ಇದ್ದ ಜಾಗಕ್ಕೆ.

ಕೊನೇ ಫೋಟೋ ಮ್ಯೂಸಿಯಂನದ್ದು. ಮೊದಲು ಎಲ್ಲರ ಕಣ್ಣೂ ಆ ಉದ್ದ ಮೂತಿ ಮೇಲೆ ಹೋಗುತ್ತೆ, ಆಮೇಲೆ ಚೈನ್ ಮೇಲೆ. ನೀವು ಬಲಗಡೆ ಹಿಂದಿನ ಚಕ್ರ ನೋಡಿ.

#ಬ್ಯಾಬ್ಸ್ #ಪೆಂಡೈನ್ #ಹಳೇಕಾರು #ಕನ್ನಡದಲ್ಲಿಇತಿಹಾಸ